ಕೊಟ್ಟೂರಿನ ಆತು, ಇಲ್ಲಿನ ಫೆರ್ಟಿಗ್

ನೆಲದ ಮೇಲೆ ಒಂದು ಹನಿ ಆಯಿಲ್ ಬಿತ್ತು. ಮೂರು ಜನ ಕೆಲಸ ನಿಲ್ಲಿಸಿ ಅದನ್ನು ನೋಡಿದರು. ಜರ್ಮನಿಯ ಈ ಸಣ್ಣ ಊರಿನ ಗ್ಯಾರೇಜಿನಲ್ಲಿ ಅದು ನನ್ನ ಮೊದಲ ದಿನ, ಬೀಳಿಸಿದವನು ನಾನೇ. ಯಾರೂ ಬೈಯಲಿಲ್ಲ. ನನಗಿಂತ ಒಂದು ವರ್ಷ ಮೊದಲು ಸೇರಿದ್ದ ಎಮೀನೆ ಎಂಬವಳು ಬಟ್ಟೆ ತಂದು ಕೈಗೆ ಕೊಟ್ಟಳು, ಅಷ್ಟೆ. ಕೊಟ್ಟೂರಿನಲ್ಲಿ ನನ್ನ ಸೋದರಮಾವ ಕೊಟ್ರೇಶಪ್ಪನವರ ಗ್ಯಾರೇಜಿನ ನೆಲ ನಾನು ಹುಟ್ಟುವ ಮೊದಲೇ ಕಪ್ಪಾಗಿತ್ತು. ಅಲ್ಲಿ ಡಬ್ಬಿ ಉರುಳಿದರೂ ಯಾರೂ ತಲೆ ಎತ್ತುತ್ತಿರಲಿಲ್ಲ.

ಹಾಗಿತ್ತು ಎಂದು ನನ್ನ ನೆನಪು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಊರು ಬಿಟ್ಟವನು ಊರಿನ ಬಗ್ಗೆ ಬರೆಯುವಾಗ ತನಗೆ ಅನುಕೂಲವಾದದ್ದನ್ನೇ ನೆನೆಯುತ್ತಾನೆ ಎಂಬ ಗುಮಾನಿ ನನಗೆ ಬಹಳ ದಿನಗಳಿಂದ ಇದೆ.

ನಾನು ಫಿಲಾಸಫಿಯಲ್ಲಿ ಎಂ.ಎ. ಮಾಡಿದವನು. ಹಡಗಲಿ ಕಡೆ ಒಂದು ಕಾಲೇಜಿನಲ್ಲಿ ಎರಡು ವರ್ಷ ಅತಿಥಿ ಉಪನ್ಯಾಸಕನಾಗಿದ್ದೆ. ಪ್ರತಿ ಜೂನ್‌ನಲ್ಲಿ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಕಾದು ಸಾಕಾಯಿತು. ಜರ್ಮನ್ ಭಾಷೆ ಕಲಿತು ಇಪ್ಪತ್ತೊಂಬತ್ತನೇ ವಯಸ್ಸಿಗೆ ಕಾರು ರಿಪೇರಿ ಕಲಿಯಲು ಇಲ್ಲಿಗೆ ಬಂದೆ. ವಾರಕ್ಕೆ ಎರಡು ದಿನ ಕಾಲೇಜು, ಮೂರು ದಿನ ಗ್ಯಾರೇಜು. ಹೀಗೆ ಕಲಿಯುವವರನ್ನು ಇಲ್ಲಿ ‘ಅಟ್ಸುಬಿ’ ಅನ್ನುತ್ತಾರೆ. ಕಲಿಸುವವನು ‘ಮೈಸ್ಟರ್’. ನಮ್ಮ ಮೇಸ್ತ್ರಿಯೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಂತೆ. ಹೊರಡುವಾಗ ಮಾವ, ಹುಡುಗರಿಗೆ ಪಾಠ ಹೇಳಾಂವ ಈಗ ಪಾಠ ಕೇಳಾಕ ಹೊಂಟಾನ ನೋಡ್ರಿ ಎಂದು ಗ್ಯಾರೇಜಿಗೆ ಬಂದವರಿಗೆಲ್ಲ ಹೇಳಿ ನಕ್ಕಿದ್ದರು.

ಮಾಡಿನ ಕೆಳಗಿನ ಕೋಣೆಯೊಂದರಲ್ಲಿ ಇದ್ದೇನೆ. ಸರಿಯಾಗಿ ನಿಂತರೆ ತಲೆ ತಾಗುತ್ತದೆ. ರಾತ್ರಿ ಊಟಕ್ಕೆ ಇವರು ತಿನ್ನುವುದು ‘ಆಬೆಂಡ್‌ಬ್ರೋಟ್’, ಅಂದರೆ ಸಂಜೆಯ ಬ್ರೆಡ್ಡು, ಒಲೆಯನ್ನೇ ಹಚ್ಚುವುದಿಲ್ಲ. ಬಿಸಿ ರೊಟ್ಟಿ ತಟ್ಟುವ ಸದ್ದಿಲ್ಲದ ಊಟ ಮೊದಲ ತಿಂಗಳು ಗಂಟಲಲ್ಲಿ ಇಳಿಯಲಿಲ್ಲ. ಆಮೇಲೆ ಬ್ರೆಡ್ಡಿನ ಮೇಲೆ ಬೆಣ್ಣೆ ಸವರಿ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡೆ. ಎಮೀನೆ ಅದನ್ನು ಮರಳು ಎಂದು ಆಡಿಕೊಂಡಳು. ಮರುವಾರ, ಪ್ರೊಫೆಸರ್, ಮರಳು ತಂದಿದ್ದೀಯಾ ಎಂದು ಕೇಳಿ ತನ್ನ ಬ್ರೆಡ್ಡು ಮುಂದೆ ಹಿಡಿದಳು. ಇಲ್ಲಿ ನನ್ನ ಮೊದಲ ಗೆಲುವು ಅದೇ.

ಚಳಿಗಾಲ ಬರುವ ಮೊದಲು ಇಲ್ಲಿ ಎಲ್ಲರೂ ಕಾರಿಗೆ ಬೇರೆ ಟೈರು ಹಾಕಿಸುತ್ತಾರೆ. ಗ್ಯಾರೇಜಿನ ಮುಂದೆ ಸಾಲು. ಅಂಥ ಒಂದು ದಿನ ನಾನು ಒಂದು ಕಾರಿನ ಗಾಲಿಗಳಿಗೆ ಬೋಲ್ಟುಗಳನ್ನು ಕೈಯಿಂದ ತಿರುಗಿಸಿ ಕೂರಿಸಿದ್ದೆ. ಟಾರ್ಕ್ ರೆಂಚಿನಿಂದ ಒಂದೊಂದೇ ಗಾಲಿಯನ್ನು ಬಿಗಿ ಮಾಡುತ್ತ ಬಂದಿದ್ದೆ; ಸರಿಯಾದ ಬಿಗಿಗೆ ಬಂದಾಗ ರೆಂಚು ಟಕ್ ಎನ್ನುತ್ತದೆ. ಅಷ್ಟರಲ್ಲಿ ಮೈಸ್ಟರ್ ಹಾದುಹೋಗುತ್ತ ‘ಫೆರ್ಟಿಗ್?’ ಎಂದು ಕೇಳಿದ. ಮುಗಿಯಿತೇ ಎಂದು ಅರ್ಥ. ಮನಸ್ಸಿನಲ್ಲಿ ಬಂದದ್ದು ‘ಆತ್ರಿ’, ಬಾಯಲ್ಲಿ ಬಂದದ್ದು ‘ಫೆರ್ಟಿಗ್’. ಅವನು ನನ್ನನ್ನು ಬೇರೆ ಕೆಲಸಕ್ಕೆ ಕರೆದ. ಹೋದೆ.

ಇಲ್ಲಿ ‘ನಾಲ್ಕು ಕಣ್ಣು’ ಎಂಬ ನಿಯಮವಿದೆ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡಬೇಕು. ಕಾರು ಹೊರಗೆ ಹೋಗುವ ಮೊದಲು ಎಮೀನೆ ರೆಂಚು ಇಟ್ಟು ನೋಡಿದಳು. ಒಂದು ಗಾಲಿಯ ಐದೂ ಬೋಲ್ಟುಗಳು ಸಲೀಸಾಗಿ ತಿರುಗಿದವು.

ಮೈಸ್ಟರ್ ಕೇಳಿದ: ‘ಈ ಗಾಲಿಯನ್ನು ಬಿಗಿ ಮಾಡಿದ್ದೆಯಾ?’

ಉಳಿದ ಮೂರನ್ನು ಮಾಡಿದ್ದೆನೆಂದರೆ ಇದನ್ನೂ ಮಾಡಿರಬೇಕು. ಟಕ್ ಎಂಬ ಸದ್ದು ಕಿವಿಯಲ್ಲಿತ್ತು. ಅದು ಈ ಗಾಲಿಯದೋ, ಬೆಳಗಿನ ಬೇರೆ ಕಾರಿನದೋ ಹೇಳಲಾಗಲಿಲ್ಲ. ನೆನಪಿಲ್ಲ ಎಂದೆ. ತರಗತಿಯಲ್ಲಿ ಅದು ಪ್ರಾಮಾಣಿಕ ಉತ್ತರ. ಗ್ಯಾರೇಜಿನಲ್ಲಿ ಅದಕ್ಕಿಂತ ಕೆಟ್ಟ ಉತ್ತರವಿಲ್ಲ.

ಮೊದಲ ನಾಲ್ಕು ತಿಂಗಳು ಪ್ರೊಬೇಷನ್. ಕಾರಣ ಕೊಡದೆ ತೆಗೆಯಬಹುದು. ತರಬೇತಿ ಹೋದರೆ ವೀಸಾವೂ ಹೋದಂತೆ. ನನಗೆ ಇನ್ನೂ ಮೂರು ವಾರ ಉಳಿದಿತ್ತು. ನಡೆದದ್ದನ್ನು ಬರೆದು ಶುಕ್ರವಾರ ಬಾ, ಆಗ ತೀರ್ಮಾನ ಹೇಳುತ್ತೇನೆ ಎಂದು ಮೈಸ್ಟರ್ ಹೇಳಿದ.

ಅಂದು ಮಾವನಿಗೆ ಫೋನು ಮಾಡಿದೆ. ಪೂರ್ತಿ ಕೇಳಿಸಿಕೊಂಡು ಅವರು ಹೇಳಿದರು: ‘ಲೇ ಬಸ್ಯಾ, ಬೋಲ್ಟ್ ನೆನಪಿಟ್ಕೊಳ್ಳೋ ಕೆಲ್ಸ ಅಲ್ಲಲೇ. ಬಿಗಿ ಮಾಡಿದ ಕೂಡ್ಲೆ ಗುರುತು ಹಾಕ್ಬೇಕು. ನಾನು ಕೆಂಪು ಗೆರಿ ಎಳೀತಿದ್ದಿಲ್ಲೇನು?’

‘ನೀನು ಕುಂಕುಮ ಹಚ್ತಿದ್ದೆಲ್ಲ, ಅದಾ?’

‘ಯಾವ ಕುಂಕುಮ? ಕಿಟಕಿಗೆ ಹಚ್ಚಿ ಉಳಿದ ಪೇಂಟ್ ಅದು.’

ಮೂಢನಂಬಿಕೆಯ ಪಾಠ ಮಾಡುವಾಗಲೆಲ್ಲ, ಬೋಲ್ಟಿಗೆ ಕುಂಕುಮ ಹಚ್ಚುವ ಮೆಕ್ಯಾನಿಕ್ಕಿನ ಕಥೆ ಹೇಳಿ ತರಗತಿಯನ್ನು ನಗಿಸಿದ್ದೆ. ಎಲ್ಲವನ್ನೂ ಪ್ರಶ್ನಿಸಿ ಎಂದು ಹೇಳಿಕೊಡುತ್ತಿದ್ದವನು ಅದೇನೆಂದು ಮಾವನನ್ನು ಒಮ್ಮೆಯೂ ಕೇಳಿರಲಿಲ್ಲ. ಆ ಕುಂಕುಮದ ವಾಸನೆ ಕೂಡ ನನಗೆ ನೆನಪಿದೆ. ಈಗಲೂ ಇದೆ.

ಶುಕ್ರವಾರ ಮೈಸ್ಟರ್ ನನ್ನ ಬರಹ ಓದಿದ. ನಮ್ಮ ಕಡೆ ಕೆಲಸ ಮುಗಿದರೂ ‘ಆತು’, ಆಗಲಿ ಮಾಡುತ್ತೇನೆ ಎನ್ನುವುದಕ್ಕೂ ‘ಆತು’ ಎಂದು ಅದರಲ್ಲಿ ವಿವರಿಸಿದ್ದೆ.

‘ಎರಡರಲ್ಲಿ ಯಾವುದೆಂದು ನಿಮ್ಮೂರಿನವರಿಗೆ ಹೇಗೆ ಗೊತ್ತಾಗುತ್ತದೆ?’

‘ಹೋಗಿ ನೋಡುತ್ತಾರೆ’ ಎಂದೆ.

ಅವನು ನಗಲಿಲ್ಲ. ಎಮೀನೆಯೂ ಹೋಗಿ ನೋಡಿದ್ದಕ್ಕೆ ನೀನು ಇಲ್ಲಿ ಕೂತಿದ್ದೀಯ ಎಂದ. ನಾನು ಜೇಬಿನಿಂದ ಹಳದಿ ಪೇಂಟ್ ಪೆನ್ನು ತೆಗೆದು, ಇನ್ನು ಮುಂದೆ ಪ್ರತಿ ಬೋಲ್ಟಿಗೂ ಗೆರೆ ಎಳೆಯುತ್ತೇನೆ ಎಂದು ಮಾವನ ವಿಷಯ ಹೇಳಿದೆ. ಅವನು ಪೆನ್ನನ್ನು ತಿರುಗಿಸಿ ನೋಡಿ ವಾಪಸ್ ಕೊಟ್ಟ.

‘ಕೆಲಸದಲ್ಲಿ ಇರು. ಗೆರೆ ಎಳೆಯದೆ ಫೆರ್ಟಿಗ್ ಎನ್ನಬೇಡ.’

ಇರು ಎಂದದ್ದನ್ನು ಹೇಳಲು ಸಂಜೆ ಮಾವನಿಗೆ ಮತ್ತೆ ಫೋನು ಮಾಡಿದೆ. ಎರಡು ಆತುಗಳ ಬಗ್ಗೆ ಮೈಸ್ಟರ್ ಕೇಳಿದ ಪ್ರಶ್ನೆಯನ್ನೂ ಹೇಳಿದೆ; ಬಹಳ ನಕ್ಕರು. ಆಮೇಲೆ, ಕುಂತರೆ ಏಳಾಕ ಮೊಣಕಾಲು ಬಿಡವಲ್ದು ಎಂದರು. ‘ಕಲಿತು ಮುಗಿಸ್ಕೊಂಡು ಬಾ. ಈ ಗ್ಯಾರೇಜು ನೀನು ನೋಡ್ಕೋ.’

‘ಆತು ಮಾವ.’

ಆ ಕಡೆ ಯಾವುದೋ ಬಸ್ಸಿನ ಹಾರ್ನು ಕೇಳಿಸಿತು. ಅದು ದೂರವಾದ ಮೇಲೆ ಮಾವ ಕೇಳಿದರು:

‘ಯಾವ ಆತುಲೇ?’

ಹಳದಿ ಪೆನ್ನು ಇನ್ನೂ ಕೈಯಲ್ಲೇ ಇತ್ತು. ಮುಚ್ಚಳ ತೆಗೆದೆ, ಮತ್ತೆ ಹಾಕಿದೆ.