ಅಮವಾಸ್ಯೆಯ ದಿನ ನೋಡಿದ ವೆಲ್ಡಿಂಗ್ ಮಷಿನ್

ಇದು ನೀವು ಹುಟ್ಟುವುದಕ್ಕೆ ಮುಂಚಿನ ಮಾತು. ನಿಮ್ಮ ಅಜ್ಜ ತೀರಿಹೋಗಿ ಎರಡನೆಯ ವರ್ಷ ನಡೆದಿತ್ತು. ಜಮಖಂಡಿಯಲ್ಲಿ ಹೆಣ್ಣುಮಕ್ಕಳಿಗೆ ವೆಲ್ಡಿಂಗ್ ಕಲಿಸುತ್ತಾರೆಂದು ನಮ್ಮ ಮಹಿಳಾ ಸಂಘದ ಸಭೆಯಲ್ಲಿ ಹೇಳಿದಾಗ ಯಾರೂ ಕೈ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಸಭೆ ಮುಗಿದ ಮೇಲೆ ಹೊರಗೆ ನಿಂತು, ಹೆಸರು ಬರೆದುಕೊಳ್ಳುವವಳಿಗೆ ಮೆಲ್ಲಗೆ ಹೇಳಿ ಬಂದೆ. ಹೊಲಿಗೆ ಕಲಿತರೆ ಬಂದವರನ್ನೆಲ್ಲ ಮಾತಾಡಿಸುತ್ತ ಅಳತೆ ತೆಗೆಯಬೇಕು. ವೆಲ್ಡಿಂಗಿನಲ್ಲಿ ಮುಖಕ್ಕೆ ಮಾಸ್ಕ್ ಇಳಿಸಿಕೊಂಡರೆ ಯಾರೂ ಮಾತಾಡಿಸುವುದಿಲ್ಲ. ನಾನು ಹೋದದ್ದಕ್ಕೆ ಅದೂ ಒಂದು ಕಾರಣ.

ಕಲಿತು ಬಂದೆ. ಜಾಗವೂ ಇತ್ತು, ಮನೆಗೆ ಹೊಂದಿಕೊಂಡ ತಗಡಿನ ಶೆಡ್. ಆದರೆ ಅದು ಜಂಟಿ ಆಸ್ತಿಯಾಗಿತ್ತು, ಅದರ ನಿರ್ಧಾರ ನಿಮ್ಮ ಅಜ್ಜನ ಅಣ್ಣ, ಅಂದರೆ ನನ್ನ ಭಾವನವರ ಕೈಯಲ್ಲಿತ್ತು. ಗೊಬ್ಬರದ ವ್ಯಾಪಾರಿಯೊಬ್ಬ ಅದನ್ನು ಬಾಡಿಗೆಗೆ ಕೇಳುತ್ತಿದ್ದ. ಕಬ್ಬಿನ ಹಂಗಾಮು ಶುರುವಾಗುವ ತನಕ ಕಾಯುತ್ತೇನೆ, ಅಷ್ಟರೊಳಗೆ ಅಲ್ಲಿ ಕೆಲಸ ನಡೆದಿರಬೇಕು, ಇಲ್ಲದಿದ್ದರೆ ಶೆಡ್ ಅವನಿಗೆ ಎಂದು ಭಾವ ಹೇಳಿದರು. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ಆದರೆ ಶೆಡ್ ಹೋದರೆ ನನಗೆ ಬೇರೆ ಜಾಗವಿರಲಿಲ್ಲ. ರಸ್ತೆಯ ಬದಿಗೆ ಕೂತು ಕೆಲಸ ಮಾಡುವುದು ನನ್ನಿಂದ ಆಗುವ ಮಾತಲ್ಲ.

ಮಷಿನ್ ಹಳೆಯದೋ ಹೊಸದೋ ಎಂಬುದು ಆಗ ಬಂದ ಪ್ರಶ್ನೆ. ಜಮಖಂಡಿಯ ಅಂಗಡಿಯಲ್ಲಿ ಹೊಸದು ಇತ್ತು, ಒಂದು ಕೈಯಲ್ಲಿ ಎತ್ತಬಹುದಾದ, ಇನ್ವರ್ಟರ್ ಎಂಬ ಹೊಸ ಬಗೆಯ ಸಣ್ಣ ವೆಲ್ಡಿಂಗ್ ಮಷಿನ್. ಬನಹಟ್ಟಿಯಲ್ಲಿ ಮಗ್ಗದ ಬಿಡಿಭಾಗ ರಿಪೇರಿ ಮಾಡುವವನೊಬ್ಬ ತನ್ನ ಹಳೆಯ ಮಷಿನ್ ಮಾರುತ್ತಿದ್ದ. ಒಳಗೆ ತಾಮ್ರದ ಸುರುಳಿ, ಕೆಳಗೆ ಗಾಲಿ, ಎಳೆಯಲು ಇಬ್ಬರು ಬೇಕು. ಭಾವನಿಗೆ ಭಾರದ್ದೇ ಮನಸ್ಸಿಗೆ ಬಂತು. “ಅಂಗಡ್ಯಾಂದು ಟಿಫಿನ್ ಡಬ್ಬಿ ಇದ್ದಂಗೈತಿ. ಬನಹಟ್ಟೀದು ನೋಡು, ನಮ್ಮ ಕಾಲಾನೂ ಮುಗೀತೈತಿ, ಅದು ಮುಗಿಯಂಗಿಲ್ಲ” ಅಂದರು. ನನ್ನ ಕಡೆ ನೋಡಿ ಹೇಳಿದ್ದಲ್ಲ. ಅವರು ನನಗೆ ಹೇಳಬೇಕಾದದ್ದನ್ನು ಗೋಡೆಗೆ ಹೇಳುತ್ತಿದ್ದರು, ನಾನು ಸೆರಗು ಮುಂದೆ ಎಳೆದುಕೊಂಡು ಕೇಳುತ್ತಿದ್ದೆ.

ನೋಡಲು ಹೋಗುವುದಕ್ಕೆ ಭಾವ ಆರಿಸಿದ್ದು ಅಮವಾಸ್ಯೆ. ನಮ್ಮ ಕಡೆ ಅದು ಕೊಟ್ಟು ಕೊಳ್ಳುವುದಕ್ಕೆ ಒಳ್ಳೆಯ ದಿನ, ರಿಪೇರಿಯವನ ಗ್ಯಾರೇಜು ಬಂದ್ ಇರುವುದರಿಂದ ಮಾಲಕನೂ ಸಿಗುತ್ತಾನೆ ಎಂಬುದು ಅವರ ಲೆಕ್ಕ. ಹಿಪ್ಪರಗಿ ದಾಟಿ ಬೈಕಿನ ಮೇಲೆ ಹೋದೆವು. ಅವರು ಊರಿಂದಲೇ ಒಂದು ತೆಂಗಿನಕಾಯಿ ತಂದಿದ್ದರು. ಮಷಿನ್ ಮುಂದೆ ಕಾಯಿ ಒಡೆದರೆ ಮಾತು ಮುಗಿದಂತೆ, ಆಮೇಲೆ ಹಿಂದಕ್ಕೆ ಸರಿಯುವವರಿಲ್ಲ.

ನಾವು ಹೋಗುವಷ್ಟರಲ್ಲಿ ಮಾಲಕನ ಪೂಜೆ ಮುಗಿದಿತ್ತು. ಮಷಿನ್ನಿಗೆ ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕಿ, ವೈರನ್ನು ಸುತ್ತಿ ಮೇಲಿಟ್ಟಿದ್ದ.

“ಚಾಲೂ ಮಾಡಿ ತೋರಸ್ತೀರೇನ್ರಿ?” ಎಂದು ಭಾವ ಕೇಳಿದರು.

“ಇವತ್ತ ಅಮಾಸಿರಿ. ಪೂಜಿ ಆದ ಮ್ಯಾಲ ಕಿಡಿ ಹಾರಸಂಗಿಲ್ಲ. ನಮ್ಮಪ್ಪನ ಕಾಲದಿಂದ ಹಂಗ ಬಂದೈತಿ.”

“ಖರೆ, ಖರೆ” ಎಂದು ಭಾವ ತಲೆಯಾಡಿಸಿದರು. “ನಾವೇನ್ ಹೆಣ್ಣ ನೋಡಾಕ ಬಂದೀವೇನು, ಎದ್ದು ನಡದ ತೋರ್ಸವಾ ಅನ್ನಾಕ?”

ಇಬ್ಬರೂ ನಕ್ಕರು. ಭಾವ ಚೀಲದಿಂದ ಕಾಯಿ ತೆಗೆದರು. ಅಷ್ಟರಲ್ಲಿ ಮಾಲಕ, ಮೊದಲು ಚಹಾ ಆಗಲಿ ಎಂದ. ಚಹಾ ಅಂದ ಕೂಡಲೇ ನಾನು ಗ್ಯಾರೇಜಿಗೆ ಹೊಂದಿಕೊಂಡಿದ್ದ ಅವನ ಮನೆಯ ಅಡುಗೆಮನೆಗೆ ಹೋದೆ. ಎಲ್ಲಿಗೆ ಹೋದರೂ ನನ್ನ ಜಾಗ ಅದೇ ಆಗಿರುತ್ತಿತ್ತು.

ಅವನ ಹೆಂಡತಿ ಒಲೆಯ ಮುಂದೆ ನಿಂತಿದ್ದಳು. “ಒಯ್ಯಾಕ ಬಂದೀರಿ? ಒಯ್ರಿ, ನನ್ನ ಪೀಡಾ ಹೋಗ್ಲಿ” ಅಂದಳು. “ಅದು ಗುಂಯ್ ಅಂದ್ರ ಸಾಕು, ನಮ್ಮನಿ ಲೈಟ್ ಸಣ್ಣ ಆಕ್ಕಾವ. ಮಿಕ್ಸರ್ ತಿರಗಂಗಿಲ್ಲ. ಚಟ್ನಿ ಬೇಕಂದ್ರ ಮೊದಲ ಅದನ್ನ ಬಂದ್ ಮಾಡ್ರಿ ಅಂತ ದಿನಾ ಜಗಳ.”

ನಾನೂ ನಕ್ಕೆ. ಆಮೇಲೆ ಚಹಾದ ಬಸಿ ಹಿಡಿದುಕೊಂಡೇ ಯೋಚಿಸಿದೆ. ಮಗ್ಗಗಳಿಗೆ ದಿನವಿಡೀ ಜೋರು ಕರೆಂಟು ಇರುವ ಬನಹಟ್ಟಿಯಲ್ಲೇ ದೀಪ ಸಣ್ಣದಾಗುತ್ತದೆ. ನಮ್ಮದು ಹೊಳೆದಂಡೆಯ ಊರು. ಹೊಲದ ಪಂಪುಗಳು ಶುರುವಾದರೆ ಮನೆಯ ಫ್ಯಾನೇ ಸರಿಯಾಗಿ ತಿರುಗುವುದಿಲ್ಲ. ಅಲ್ಲಿ ಈ ಮಷಿನ್ ನಡೆದೀತೇ?

ಹೊರಗೆ ಬಂದಾಗ ಭಾವ ಕಾಯಿಯ ಜುಟ್ಟು ಕೀಳುತ್ತಿದ್ದರು. ಅವರ ಎದುರು ನಾನು ಅಲ್ಲಿಯ ತನಕ ಬಾಯಿ ತೆರೆದದ್ದಿರಲಿಲ್ಲ. ಮದುವೆಯಾಗಿ ಅಷ್ಟು ವರ್ಷಕ್ಕೆ ಅದೇ ಮೊದಲು.

“ಕಾಯಿ ಒಡೀಬ್ಯಾಡ್ರಿ” ಅಂದೆ. ಯಾರಿಗೂ ಕೇಳಿಸಲಿಲ್ಲ, ಮತ್ತೊಮ್ಮೆ ಹೇಳಬೇಕಾಯಿತು. “ನಡಸಿ ನೋಡೂತನಾ ಬ್ಯಾಡ್ರಿ.”

ಭಾವ ಈ ಸಲ ಗೋಡೆಯನ್ನು ನೋಡದೆ ನನ್ನನ್ನೇ ನೋಡಿದರು. “ನಾಳಿ ನನಗ ಪುರಸತ್ತಿಲ್ಲ.”

“ನಾ ಒಬ್ಬಾಕೀನ ಬರ್ತೀನ್ರಿ.”

ಕಾಯಿಯನ್ನು ಚೀಲಕ್ಕೆ ಹಾಕಿಕೊಂಡು ಭಾವ ಬೈಕು ಹತ್ತಿದರು. ಮನೆಯ ಮುಂದೆ ಇಳಿಸುವಾಗ, “ಬನಹಟ್ಟಿ ಮಂದಿ ಮುಂದ ನನ್ನ ಮಾರಿ ಸಣ್ಣದು ಮಾಡಿದಿ” ಅಂದರು. ಹಂಗಾಮಿನ ಮಾತನ್ನೂ ಮತ್ತೊಮ್ಮೆ ನೆನಪಿಸಿದರು.

ಮರುದಿನ ಬಸ್ಸು ಹಿಡಿದು ಹೋದೆ. ಕೈಚೀಲದಲ್ಲಿ ತರಬೇತಿಯಲ್ಲಿ ಕೊಟ್ಟ ಮಾಸ್ಕ್, ಕೆಲವು ವೆಲ್ಡಿಂಗ್ ಕಡ್ಡಿ, ಹಳೆಯ ಕೊಟ್ಟಿಗೆಯ ಬಾಗಿಲಿಂದ ತೆಗೆದ ಕಬ್ಬಿಣದ ಪಟ್ಟಿಯ ಎರಡು ತುಂಡು ಇದ್ದವು. ಮಾಲಕ ಹೂವಿನ ಮಾಲೆ ತೆಗೆದು, ವೈರು ಬಿಚ್ಚಿ, ಕಡ್ಡಿಯ ಹಿಡಿಕೆಯನ್ನು ನನ್ನ ಕೈಗೇ ಕೊಟ್ಟ. ಮಷಿನ್ ಛಲೋ ಇತ್ತು. ಅದರಲ್ಲಿ ಸುಳ್ಳು ಹೇಳಬಾರದು. ಕಿಡಿ ಹಿಡಿದದ್ದೇ ಬೆಸುಗೆ ಸಮನಾಗಿ ಹರಿಯಿತು. ನಾನು ಕಲಿಯುವಾಗ ಅಷ್ಟು ಚೆಂದದ ಗೆರೆ ಎಳೆದದ್ದಿರಲಿಲ್ಲ. ಒಳಗಿಂದ ಅವನ ಹೆಂಡತಿ, “ಏ, ಹಾಲ ಕಾಸಾಕತ್ತೇನಿ, ಕತ್ತಲಾತು!” ಎಂದು ಕೂಗಿದಳು.

ಮಾಸ್ಕ್ ಎತ್ತಿ ನಮ್ಮ ಮನೆಯ ಕರೆಂಟಿನ ವಿಷಯ ಹೇಳಿದೆ.

“ಮನ್ಯಾಗ ಮೂರು ಫೇಸಿನ ಜೋರು ಕರೆಂಟ್ ಐತೇನ್ರಿ?” ಎಂದು ಅವನು ಕೇಳಿದ.

“ಇಲ್ರಿ. ಹೊಲದ ಪಂಪಿಗೆ ಐತಿ. ಅದೂ ಪಾಳಿ ಪ್ರಕಾರ ಬರ್ತೈತಿ.”

ಅವನು ಹಿಡಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡ. “ಹಂಗಾರ ಬ್ಯಾಡ್ರಿ ಅಕ್ಕಾರ. ನಾ ಮಾರೂದಂತೂ ಮಾರಬೇಕು, ಆದರ ಇದು ನಿಮ್ಮ ಶೆಡ್ಡಿನ್ಯಾಗ ಸುಮ್ನ ಕುಂದರತೈತಿ. ಹೊಸಾ ಸಣ್ಣದು ತಗೋರಿ. ಮಷಿನ್ ಮ್ಯಾಲ ಬರದ ದೊಡ್ಡ ಆಂಪ್ ನಂಬರ್ ನೋಡಿ ಮರುಳಾಗಬ್ಯಾಡ್ರಿ. ಕಡಿಮಿ ವೋಲ್ಟೇಜಿನ್ಯಾಗ ಕಿಡಿ ಹಿಡೀತೈತೇನ, ಅಷ್ಟ ಕೇಳ್ರಿ.”

ಜಮಖಂಡಿಯ ಅಂಗಡಿಯಲ್ಲಿ ಅದನ್ನೇ ಕೇಳಿದೆ. ಅಂಗಡಿಯವನು ಮೊದಲು ಬಣ್ಣದ ಬಗ್ಗೆ ಹೇಳಿದ. ಎರಡನೆಯ ಸಲ ಕೇಳಿದಾಗ ಕಪಾಟಿನ ಕೆಳಗಿನಿಂದ ಬೇರೊಂದನ್ನು ತೆಗೆದ. ಅದನ್ನು ತಂದೆ. ಸಂಜೆ, ಪಂಪುಗಳು ನಡೆಯುತ್ತಿದ್ದ ಹೊತ್ತಿನಲ್ಲೇ ಹಚ್ಚಿ ನೋಡಿದೆ. ಕಡ್ಡಿ ಎರಡು ಸಲ ಕಬ್ಬಿಣಕ್ಕೆ ಅಂಟಿಕೊಂಡಿತು, ಮೂರನೆಯ ಸಲ ಹಿಡಿಯಿತು. ಬನಹಟ್ಟಿಯ ಗೆರೆಯಷ್ಟು ಚೆಂದ ಬರಲಿಲ್ಲ. ಗಟ್ಟಿಯಂತೂ ಬಂತು.

ಮೊದಲ ಕೆಲಸ ಓಣಿಯ ಒಬ್ಬಳ ಹಿತ್ತಲ ಬಾಗಿಲು. ಆಮೇಲೆ ಕಿಟಕಿ, ಮೇವಿನ ಕಟ್ಟೆಯ ಸರಳು. ಕಬ್ಬಿನ ಗಾಡಿಯ ಕೊಂಡಿ ಮುರಿದುಕೊಂಡು ಬಂದವರನ್ನು ಹಿಂದಕ್ಕೆ ಕಳಿಸಿದೆ. ಅಷ್ಟು ದಪ್ಪದ್ದು, ಭಾರ ಎಳೆಯುವಂಥದ್ದು ನನ್ನ ಮಷಿನ್ನಿನ ಕೆಲಸವಾಗಿರಲಿಲ್ಲ. ಹಾಗೆ ಹೇಳಿ ಮಾಸ್ಕ್ ಇಳಿಸಿಕೊಳ್ಳುತ್ತಿದ್ದೆ.

ಹಂಗಾಮು ಶುರುವಾಗುವ ಹೊತ್ತಿಗೆ ಗೊಬ್ಬರದ ವ್ಯಾಪಾರಿ ಶೆಡ್ ನೋಡಲು ಬಂದ. ಭಾವನೇ ಕರೆದುಕೊಂಡು ಬಂದಿದ್ದರು. ನಾನು ಒಳಗೆ ಕೆಲಸದಲ್ಲಿದ್ದೆ. ಬಾಗಿಲಲ್ಲಿ ಎರಡು ಗೇಟು ಅಡ್ಡ ಒರಗಿಸಿದ್ದರಿಂದ ಅವರಿಗೆ ಒಳಗೆ ಬರಲಾಗಲಿಲ್ಲ. ಕಿಡಿ ನಿಲ್ಲುವ ತನಕ ಹೊರಗೇ ಮುಖ ತಿರುಗಿಸಿಕೊಂಡು ನಿಂತಿದ್ದರು.

“ಗೊಬ್ಬರ ಎಲ್ಲಿ ಇಡ್ಲಿರಿ?” ಎಂದು ವ್ಯಾಪಾರಿ ಕೇಳಿದ.

“ಇಲ್ಲಿ ಬ್ಯಾಡ ಬಿಡ್ರಿ. ಬೆಂಕಿ ಕೆಲಸ ನಡದೈತಿ” ಎಂದರು ಭಾವ.

ಇಬ್ಬರೂ ಊರೊಳಗೆ ಬೇರೆ ಜಾಗ ನೋಡಲು ಹೋದರು.