ಎಸೆದ ನಿಬ್ಬುಗಳು

ನನ್ನ ಪೆನ್ನಿನ ಡಬ್ಬಿಯಲ್ಲಿ ಹನ್ನೊಂದು ಪೆನ್ನುಗಳಿವೆ. ಅವುಗಳಲ್ಲಿ ಏಳಕ್ಕೆ ಸ್ಟಬ್ ನಿಬ್ಬು, ಅಂದರೆ ತುದಿ ಚೂಪಾಗಿರದೆ ಉಳಿಯ ಬಾಯಿಯ ಹಾಗೆ ಅಡ್ಡಕ್ಕೆ ಕತ್ತರಿಸಿದ ನಿಬ್ಬು. ನೋಡಿದವರು, ‘ಅಕ್ಕಾರ, ನಿಮಗ ಸ್ಟಬ್ ಅಂದ್ರ ಭಾಳ ಪ್ರೀತಿ ಕಾಣತೈತಿ’ ಎನ್ನುತ್ತಾರೆ. ಪ್ರೀತಿ ಎಲ್ಲಿಂದ ಬಂತು, ಮಣ್ಣು. ಅವುಗಳಲ್ಲಿ ಒಂದನ್ನೂ ನಾನು ಸ್ಟಬ್ ಎಂದು ಕೊಂಡಿಲ್ಲ. ಎಲ್ಲವೂ ಚೂಪು ತುದಿಯೊಂದಿಗೇ ಮನೆಗೆ ಬಂದವು, ನನ್ನ ಗಂಡನ ಕೈಯಿಂದ ಗೋಡೆಗೆ ಬಡಿದು ಮುರಿದವು, ಆಮೇಲೆ ಸ್ಟಬ್ ಆದವು.

ನನಗೆ ನಿಜವಾಗಿ ಪ್ರೀತಿಯಿದ್ದದ್ದು ಮೆತ್ತನೆಯ ನಿಬ್ಬಿನ ಮೇಲೆ. ಪೆನ್ನಿನವರು ಅದಕ್ಕೆ ಫ್ಲೆಕ್ಸ್ ಎನ್ನುತ್ತಾರೆ. ಒತ್ತಿದರೆ ನಿಬ್ಬಿನ ಸೀಳಿನ ಆಚೀಚೆಯ ಎರಡು ಕಡ್ಡಿಗಳು ಅಗಲವಾಗಿ ಗೆರೆ ದಪ್ಪಗಾಗುತ್ತದೆ, ಬಿಟ್ಟರೆ ಮತ್ತೆ ಕೂಡಿಕೊಂಡು ಕೂದಲೆಳೆಯಾಗುತ್ತದೆ. ನಮ್ಮ ‘ಳ’ ಅಕ್ಷರವನ್ನು ಅದರಲ್ಲಿ ಬರೆದು ನೋಡಬೇಕು. ಸುತ್ತಿನಲ್ಲಿ ಇಳಿಯುವಾಗ ಮಸಿ ತುಂಬಿಕೊಂಡು, ಮೇಲೇಳುವಾಗ ತೆಳ್ಳಗಾಗಿ, ಒಂದೇ ಅಕ್ಷರದಲ್ಲಿ ಉಸಿರು ಎಳೆದು ಬಿಟ್ಟಂತಾಗುತ್ತದೆ. ಲಕ್ಷ್ಮೇಶ್ವರದಲ್ಲಿ ಕಾಳಿನ ವ್ಯಾಪಾರ ಮಾಡುತ್ತಿದ್ದ ನಮ್ಮಪ್ಪನ ಬಳಿ ಅಂಥದೊಂದು ಕರಿ ಎಬೋನೈಟ್, ಅಂದರೆ ಗಟ್ಟಿ ರಬ್ಬರಿನ, ಪೆನ್ನು ಇತ್ತು. ನನಗೆ ಶಿಕ್ಷಕಿಯ ಕೆಲಸ ಸಿಕ್ಕ ದಿನ ಅದನ್ನು ಕೈಗಿಟ್ಟು, ‘ಒತ್ತಿ ಬರಿ, ಆದ್ರ ಅದರ ಜೀವಾ ಹಿಂಡಬ್ಯಾಡ’ ಎಂದಿದ್ದ. ಅಪ್ಪ ಈಗಿಲ್ಲ.

ಮದುವೆಯಾಗಿ ಬಂದದ್ದು ಬೆಟಗೇರಿಗೆ. ಗಂಡನಿಗೆ ಮುಂಡರಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ. ನನಗೆ ಬೆಳ್ಳಟ್ಟಿಯ ಶಾಲೆ. ಬೆಳಗ್ಗೆ ಅವರೊಂದು ಬಸ್ಸು, ನಾನೊಂದು ಬಸ್ಸು. ಮೊದಲ ಪೆನ್ನು ಮುರಿದದ್ದು ಸ್ನಾನದ ನೀರಿನ ಕಾರಣಕ್ಕೆ. ನಾನು ಪಾಠದ ಟಿಪ್ಪಣಿ ಬರೆಯುತ್ತ ಕುಳಿತಿದ್ದೆ, ನೀರು ಕಾದಿರಲಿಲ್ಲ. ಅವರು ಬಂದು ನನ್ನ ಬೆರಳ ಸಂದಿಯಿಂದ ಪೆನ್ನು ಕಿತ್ತುಕೊಂಡು ಗೋಡೆಗೆ ಎಸೆದರು. ಸುಣ್ಣದ ಮೇಲೆ ನೀಲಿ ಸಿಡಿಯಿತು. ‘ದಿನಾ ಬರೀತಿ, ದಿನಾ ಬರೀತಿ. ಯಾರಿಗೆ ಬರೀತಿ ಅಷ್ಟು?’ ಎಂದರು. ಆಮೇಲೆ ತಣ್ಣೀರಿನಲ್ಲೇ ಸ್ನಾನ ಮಾಡಿ, ಊಟ ಮಾಡಿ, ಅಂಗಡಿಗೆ ಹೋದರು.

ಗದಗಿನ ಬಜಾರದಲ್ಲಿ ಒಬ್ಬ ಮುದುಕರು ಪೆನ್ನು ರಿಪೇರಿ ಮಾಡುತ್ತಿದ್ದರು. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಚಿಕ್ಕ ಅಂಗಡಿ. ನಾನು ಅವರಿಗೆ ಕಾಕಾ ಎನ್ನುತ್ತಿದ್ದೆ. ಮುರಿದ ನಿಬ್ಬನ್ನು ಕೊಟ್ಟು, ‘ಕೈ ಜಾರಿ ಬಿತ್ತು ಕಾಕಾ’ ಎಂದೆ. ಅವರು ಭೂತಗನ್ನಡಿಯಲ್ಲಿ ನೋಡಿ, ‘ಚೂಪು ಮತ್ತ ಬರಂಗಿಲ್ಲ. ಉಳಿದಷ್ಟನ್ನ ತಿಕ್ಕಿ ಸ್ಟಬ್ ಮಾಡೂನು’ ಎಂದರು. ಮುರಿದ ತುದಿಯನ್ನು ಕತ್ತರಿಸಿ, ಸಾಣೆಕಲ್ಲಿನ ಮೇಲೆ ನೀರು ಹಾಕಿ, ತೂಕವೇ ಇಲ್ಲದ ಕೈಯಿಂದ ತಿಕ್ಕಿದರು. ಬರೆದು ನೋಡಿದೆ. ಒತ್ತದಿದ್ದರೂ ಕೆಳಗಿಳಿಯುವ ಗೆರೆ ದಪ್ಪ, ಅಡ್ಡಗೆರೆ ತೆಳು. ಚೆಂದವಾಗಿತ್ತು, ಸುಳ್ಳು ಯಾಕೆ ಹೇಳಲಿ. ಶಾಲೆಯ ಬೋರ್ಡಿಗೆ ಹಚ್ಚುವ ಸುವಿಚಾರಗಳನ್ನೆಲ್ಲ ಅದರಲ್ಲೇ ಬರೆದೆ, ಮುಖ್ಯೋಪಾಧ್ಯಾಯರು ಹೊಗಳಿದರು.

ಹೀಗೆ ಎರಡನೆಯದು, ಮೂರನೆಯದು. ಒಂದು ಸಲ ಸಾರಿಗೆ ಉಪ್ಪು ಹೆಚ್ಚಾಗಿತ್ತು. ಒಂದು ಸಲ ನಾನು ಫೋನಿನಲ್ಲಿ ನಕ್ಕಿದ್ದೆ. ಇನ್ನೊಂದು ಸಲದ ಕಾರಣ ಅವರಿಗೂ ಗೊತ್ತಿರಲಿಕ್ಕಿಲ್ಲ. ಮುರಿದಾಗಲೊಮ್ಮೆ ನಾನು ಹಟಕ್ಕೆ ಬಿದ್ದು ಹೊಸ ಮೆತ್ತನೆಯ ನಿಬ್ಬಿನ ಪೆನ್ನು ತರುತ್ತಿದ್ದೆ, ಅದೂ ಒಂದು ದಿನ ಗೋಡೆ ಕಾಣುತ್ತಿತ್ತು. ಪೆನ್ನಿಗೆ ಮುಗಿಯದ ದಿನ ನನಗೆ ಬೀಳುತ್ತಿತ್ತು. ನಾನೇನು ಸಾಧು ಪ್ರಾಣಿಯಲ್ಲ, ನನ್ನ ಸಿಟ್ಟೂ ಮೂಗಿನ ತುದಿಯಲ್ಲೇ ಇರುತ್ತದೆ. ಒಂದು ದಿನ ಹಿತ್ತಾಳೆಯ ತಂಬಿಗೆ ಬೀಸಿ ಅವರ ಹುಬ್ಬು ಒಡೆದೆ. ರಕ್ತ ಗಲ್ಲದವರೆಗೆ ಇಳಿಯಿತು. ಅವರು ಅದನ್ನು ಒರೆಸಿಕೊಳ್ಳಲೂ ಇಲ್ಲ, ನನ್ನ ಬಲಗೈ ಹಿಡಿದು, ಹೆಬ್ಬೆರಳನ್ನು ಹಿಂದಕ್ಕೆ ಮಣಿಸಿ, ‘ಇನ್ನ ಬರಿ’ ಎಂದರು. ಒಳಗೆ ಏನೋ ಲಟಕ್ಕೆಂದಿತು. ಒಂದೂವರೆ ತಿಂಗಳು ನಾನು ಸೀಮೆಸುಣ್ಣ ಹಿಡಿಯಲಿಲ್ಲ. ಶಾಲೆಯಲ್ಲಿ ಕೇಳಿದವರಿಗೆ, ಬಸ್ಸಿನ ಬಾಗಿಲಲ್ಲಿ ಸಿಕ್ಕಿತು ಎಂದೆ. ಲಕ್ಷ್ಮೇಶ್ವರಕ್ಕೆ ಹೋದಾಗ ಅವ್ವನಿಗೆ ಮಾತ್ರ ನಿಜ ಹೇಳಿದೆ. ಅವಳು ಬೆರಳಿಗೆ ಅರಿಶಿನ ಹಚ್ಚಿ, ‘ಸಂಭಾಳಿಸ್ಕೊಂಡು ಹೋಗವಾ, ನಿನಗ ಮಗಳೊಬ್ಬಾಕಿ ಅದಾಳ’ ಎಂದಳು. ನನಗೆ ಮೈಯೆಲ್ಲ ಉರಿಯಿತು, ಆದರೂ ಸಂಜೆಯ ಬಸ್ಸು ಹತ್ತಿ ಬೆಟಗೇರಿಗೇ ಬಂದೆ.

ಬೆರಳಿನ ನೋವು ಇಳಿದ ಮೇಲೆ ಐದನೆಯ ನಿಬ್ಬು ತೆಗೆದುಕೊಂಡು ಕಾಕಾನ ಅಂಗಡಿಗೆ ಹೋದೆ. ‘ಕೈ ಜಾರಿತು ಕಾಕಾ.’ ಅವರು ಬಹಳ ಹೊತ್ತು ಭೂತಗನ್ನಡಿಯಲ್ಲಿ ನೋಡಿದರು. ‘ಅಕ್ಕಾರ, ಒಂದು ಮಾತು ಹೇಳಲೇನ್ರಿ? ಕೈ ಜಾರಿ ಬಿದ್ದ ಪೆನ್ನು ಮೂತಿ ಮ್ಯಾಲೆ ಬೀಳತೈತಿ. ಎರಡೂ ಕಡ್ಡಿ ಕೂಡೇ ಬಾಗತಾವ. ಇದರಾಗ ಒಂದ ಕಡ್ಡಿ ಮುರದೈತಿ, ಇನ್ನೊಂದು ಬಾಜೂಕ ತಿರುಗೈತಿ. ಇದು ಒಗದದ್ದು. ಹಿಂದಿನ ನಾಲ್ಕೂ ಒಗದವನ.’ ಒಗದದ್ದು ಅಂದರೆ ಎಸೆದದ್ದು. ಇಷ್ಟು ದಿನ ನಾನು ಮುಚ್ಚಿಟ್ಟೆ ಎಂದುಕೊಂಡದ್ದನ್ನೆಲ್ಲ ನಾನೇ ಕಾಗದದಲ್ಲಿ ಸುತ್ತಿ ತಂದು ಅವರ ಕೈಗೆ ಕೊಡುತ್ತಿದ್ದೆ. ಅವರು ಮತ್ತೇನೂ ಕೇಳದೆ ಸಾಣೆಕಲ್ಲಿಗೆ ನೀರು ಹಾಕಿದರು. ಅಂದಿನಿಂದ ನಾನು ನಿಬ್ಬು ಕೊಡುತ್ತಿದ್ದೆ, ಅವರು ತಿಕ್ಕುತ್ತಿದ್ದರು, ಹೇಗೆ ಮುರಿಯಿತೆಂಬ ಮಾತೇ ಬರುತ್ತಿರಲಿಲ್ಲ.

ಅಪ್ಪನ ಪೆನ್ನನ್ನು ಮಾತ್ರ ಗಂಡನ ಕೈಗೆ ಸಿಗದ ಹಾಗೆ ಜೋಳದ ಡಬ್ಬಿಯಲ್ಲಿ ಹೂತಿಟ್ಟಿದ್ದೆ. ಅವರು ಅಂಗಡಿಗೆ ಹೋದ ಮೇಲೆ, ರಜೆಯ ದಿನಗಳಲ್ಲಿ, ತೆಗೆದು ಒರೆಸಿ ಎರಡು ಸಾಲು ಬರೆದು ಮತ್ತೆ ಜೋಳದೊಳಗೆ ಇಳಿಸುತ್ತಿದ್ದೆ. ಮನೆಯಲ್ಲಿ ಮುರಿಯದೆ ಉಳಿದದ್ದು ಅದೊಂದೇ ಎಂದು ನನಗೆ ಅನ್ನಿಸುತ್ತಿತ್ತು. ಮಗಳಿದ್ದಾಳೆ ಎಂಬುದು ಆ ಲೆಕ್ಕದಲ್ಲಿ ಹೊಳೆಯಲೇ ಇಲ್ಲ ನೋಡಿ. ಅವಳಿಗೆ ಆಗ ಹತ್ತು ವರ್ಷ.

ಒಂದು ಶನಿವಾರ. ಬೆಳಗ್ಗೆ ಕೆನ್ನೆಗೆ ಒಂದು ತಿಂದುಕೊಂಡೇ ಶಾಲೆಗೆ ಹೋಗಿದ್ದೆ. ಅರ್ಧ ದಿನದ ಶಾಲೆ ಮುಗಿಸಿ ಮಧ್ಯಾಹ್ನ ಬಂದರೆ, ಮಗಳು ಪಡಸಾಲೆಯಲ್ಲಿ ಬೋರಲು ಮಲಗಿ ನಮ್ಮಪ್ಪನ ಪೆನ್ನಿನಲ್ಲಿ ಬರೆಯುತ್ತಿದ್ದಳು. ಜೋಳದ ಕಾಳು ನೆಲದ ತುಂಬ ಚೆಲ್ಲಿತ್ತು. ಬಾಲ್ ಪೆನ್ನಿನ ಕೈ ಅವಳದು, ಕಾಗದ ಹರಿಯುವ ಹಾಗೆ ಒತ್ತುತ್ತಿದ್ದಳು. ಕಿತ್ತುಕೊಂಡು ನೋಡಿದೆ. ಎರಡು ಕಡ್ಡಿಗಳು ಅಗಲಿದ್ದವು, ಮತ್ತೆ ಕೂಡಿಕೊಳ್ಳುತ್ತಿರಲಿಲ್ಲ. ‘ಅವ್ವಾ, ದಪ್ಪ ಬರತೈತಿ ನೋಡು’ ಎಂದು ಮುಖ ಎತ್ತಿದಳು.

ನಾನು ಎಸೆದೆ. ಕೈ ತಾನಾಗಿ ಎದ್ದಿತು ಎಂದು ಬರೆಯಬಹುದು, ಆದರೆ ಅದು ಸುಳ್ಳು. ನಾನು ಅವಳ ಮುಖ ನೋಡಿಯೇ ಎಸೆದೆ. ಗಂಡ ಎಸೆಯುವಾಗ ಮಣಿಕಟ್ಟು ಹೇಗೆ ತಿರುಗುತ್ತಿತ್ತೋ ಹಾಗೆಯೇ ತಿರುಗಿಸಿದೆ. ನಿಬ್ಬು ಅವಳ ಎಡಗಣ್ಣಿನ ಕೆಳಗೆ, ಒಂದು ಬೆರಳಿನಷ್ಟು ಕೆಳಗೆ, ನಾಟಿತು. ಒಂದು ಕ್ಷಣ ಪೆನ್ನು ಅಲ್ಲೇ ನೇತಾಡಿ ನೆಲಕ್ಕೆ ಬಿತ್ತು. ಮೊದಲು ನೀಲಿ ಇಳಿಯಿತು, ಹಿಂದೆಯೇ ಕೆಂಪು. ಅವಳು ಅಳಲಿಲ್ಲ. ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಗೋಡೆಗೆ ಒತ್ತಿಕೊಂಡು ಕುಳಿತಳು. ಹಾಗೆ ಕೂಡುವುದನ್ನು ಅವಳು ನನ್ನನ್ನು ನೋಡಿಯೇ ಕಲಿತಿದ್ದಳು.

ಸೆರಗಿನಿಂದ ಒತ್ತಿ ಹಿಡಿದು ಆಟೋದಲ್ಲಿ ದವಾಖಾನೆಗೆ ಕರೆದೊಯ್ದೆ. ಹೆಣ್ಣುಮಗಳು ಡಾಕ್ಟರು. ಗಾಯ ತೊಳೆಯುತ್ತ, ‘ಹೆಂಗಾತು?’ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಗಳು, ‘ಕೈ ಜಾರಿತ್ರಿ. ನಾನ ಬರಕೋತ ಕುಂತಿದ್ದೆ, ಏಳಾಕ ಹೋಗಿ ಕಾಲು ಎಡವಿ ಪೆನ್ನಿನ ಮ್ಯಾಲ ಬಿದ್ದೆ’ ಎಂದಳು. ಒಂದು ತಡವರಿಕೆಯಿಲ್ಲ. ನನಗಿಂತ ಚೊಕ್ಕವಾಗಿ ಹೇಳಿದಳು. ಹೊಲಿಗೆ ಹಾಕುವಾಗ ನನ್ನ ಕೈ ಹಿಡಿದುಕೊಂಡಳು, ಹೆದರಬೇಡ ಎನ್ನುವ ಹಾಗೆ ಒತ್ತಿದಳು. ನನಗೆ ಅಲ್ಲೇ ಸತ್ತುಹೋಗಬೇಕು ಎನ್ನಿಸಿತು.

‘ಅಲ್ರಿ ಡಾಕ್ಟರ’ ಎಂದೆ. ‘ನಾ ಒಗದೆ. ಆಕಿ ಮುಖಕ್ಕ ಒಗದೆ.’

ಡಾಕ್ಟರು ಹೊಲಿಗೆ ಮುಗಿಸಿ ಕೈ ತೊಳೆದುಕೊಂಡು ಬಂದು ನನ್ನ ಕೆನ್ನೆ ನೋಡಿದರು, ಆಮೇಲೆ ನೆಟ್ಟಗೆ ಕೂಡದ ಹೆಬ್ಬೆರಳು ನೋಡಿದರು. ‘ಇದನ್ಯಾರು ಮಾಡಿದರು?’ ‘ನಮ್ಮ ಮನಿಯವರು.’ ಎರಡು ನಿಜಗಳನ್ನು ಒಂದೇ ಕುರ್ಚಿಯಲ್ಲಿ ಕುಳಿತು ಹೇಳಿದೆ. ಅವರು ಎರಡನ್ನೂ ಬರೆದುಕೊಂಡರು. ಅಂದು ನಾನು ಬೆಟಗೇರಿಯ ಮನೆಗೆ ಹೋಗಿದ್ದು ಬಟ್ಟೆ, ಪೆನ್ನಿನ ಡಬ್ಬಿ, ಮಗಳ ಪುಸ್ತಕ ತರಲು ಮಾತ್ರ. ಗಂಡ ಬರುವ ಮುಂಡರಗಿಯ ಬಸ್ಸು ತಲುಪುವುದರೊಳಗೆ ನಾವು ಶಿರಹಟ್ಟಿಯ ಬಸ್ಸು ಹತ್ತಿದ್ದೆವು. ಅಲ್ಲಿ ನಮ್ಮ ಶಾಲೆಯ ಇನ್ನೊಬ್ಬ ಶಿಕ್ಷಕಿಯ ಮನೆಯ ಹಿಂದೆ ಎರಡು ಖೋಲಿ ಖಾಲಿ ಇದ್ದವು. ಗಂಡ ಮೂರನೆಯ ದಿನ ಬಂದು ಬಾಗಿಲು ಒದ್ದರು. ಚಿಲಕದ ಮೊಳೆ ಕಿತ್ತುಬಂತು. ಓಣಿಯ ಹೆಣ್ಣುಮಕ್ಕಳು ನಾಲ್ಕು ಜನ ಒನಕೆ, ಕಸಬರಿಗೆ ಹಿಡಿದು ಬಂದು ನಿಂತ ಮೇಲೆ ಹೋದರು. ಪೊಲೀಸರಿಗೆ ಅರ್ಜಿ ಬರೆದೆ, ಗಂಡನೇ ಮುರಿದ ಮೂರನೆಯ ಪೆನ್ನಿನ ಸ್ಟಬ್ ನಿಬ್ಬಿನಲ್ಲಿ, ಎರಡು ಪುಟ. ಅಕ್ಷರ ಚೆನ್ನಾಗಿ ಬಂತು.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಂಡರೆ ಅದು ನಿಮ್ಮ ಒಳ್ಳೆಯತನ. ಗಾಯ ಮಾಯಿತು, ಆದರೆ ಮಸಿ ಚರ್ಮದೊಳಗೆ ಉಳಿದು ಹಚ್ಚೆಯ ಹಾಗೆ ನೀಲಿ ಚುಕ್ಕೆಯಾಯಿತು. ಕಂಡವರೆಲ್ಲ ಕೇಳುವವರೇ. ಮಗಳು ಒಬ್ಬೊಬ್ಬರಿಗೆ ಒಂದೊಂದು ಹೇಳುವಳು. ಓಣಿಯವರಿಗೆ ಚಿಲಕ ಬಡಿಯಿತು. ಗೆಳತಿಯರಿಗೆ ಸೈಕಲ್. ಲಕ್ಷ್ಮೇಶ್ವರದ ಅಜ್ಜಿಗೆ ಬೆಕ್ಕು. ಎಲ್ಲವೂ ನನ್ನನ್ನು ಕಾಪಾಡುವ ಸುಳ್ಳುಗಳು. ‘ನಾ ಒಗದೆ ಅಂತ ಹೇಳವಾ, ನಾ ಏನೂ ಅನ್ನಂಗಿಲ್ಲ’ ಎಂದು ಎಷ್ಟು ಹೇಳಿದರೂ ತಲೆ ಆಡಿಸುವಳು, ಅಷ್ಟೆ. ನಾನು ಪಾತ್ರೆ ಸ್ವಲ್ಪ ಜೋರಾಗಿ ಇಟ್ಟರೂ ಅವಳ ಕೈ ತಲೆಗೆ ಹೋಗುತ್ತಿತ್ತು. ನನ್ನ ಎದೆ ಒಡೆಯುತ್ತಿದ್ದದ್ದು ಆ ಚುಕ್ಕೆಗಲ್ಲ. ನಾಳೆ ಇವಳಿಗೆ ಯಾರು ಹೊಡೆದರೂ ಕೈ ಜಾರಿತು ಎನ್ನುತ್ತಾಳಲ್ಲ, ಅದಕ್ಕೆ.

ಆರು ತಿಂಗಳಾದ ಮೇಲೆ ಅವಳನ್ನು ಕರೆದುಕೊಂಡು, ನಮ್ಮಪ್ಪನ ಪೆನ್ನು ಹಿಡಿದು ಗದಗಿಗೆ ಹೋದೆ. ಕಾಕಾ ನನ್ನನ್ನು ಕಂಡು, ‘ಭಾಳ ದಿನಾತಲ್ರಿ’ ಎಂದರು. ಪೆನ್ನು ಕೊಟ್ಟೆ. ಅದರ ಒಂದು ಕಡ್ಡಿ ಮುರಿದಿತ್ತು, ಇನ್ನೊಂದು ಪಕ್ಕಕ್ಕೆ ತಿರುಗಿತ್ತು. ಹೇಗೆ ಮುರಿಯಿತೆಂದು ಹೇಳಲಿಲ್ಲ. ಅವರು ಭೂತಗನ್ನಡಿ ಹಿಡಿದು ನೋಡಿದರು, ಆಮೇಲೆ ನನ್ನನ್ನು ಬಿಟ್ಟು ಮಗಳ ಕೆನ್ನೆಯ ಚುಕ್ಕೆ ನೋಡಿದರು. ವರ್ಷಗಟ್ಟಲೆ ಕೇಳದಿದ್ದ ಮಾತನ್ನು ಅವಳಿಗೆ ಕೇಳಿದರು.

‘ಇದು ಹೆಂಗ ಮುರೀತವಾ?’

‘ಕೈ ಜಾರಿತ್ರಿ ಅಜ್ಜಾ’ ಎಂದಳು ಮಗಳು.

ಅವರು ಬೈಯಲಿಲ್ಲ. ಪೆನ್ನಿನಿಂದ ನಿಬ್ಬು ಬಿಚ್ಚಿ, ಸ್ಟೂಲಿನ ಮೇಲೆ ಅವಳನ್ನು ಕೂಡಿಸಿ, ಭೂತಗನ್ನಡಿಯನ್ನು ಅವಳ ಕಣ್ಣಿಗೆ ಹಿಡಿದು, ಬೇರೆ ಎರಡು ಹಳೆಯ ನಿಬ್ಬುಗಳನ್ನು ಪಕ್ಕದಲ್ಲಿಟ್ಟರು. ‘ಇದು ಜಾರಿ ಬಿದ್ದದ್ದು. ಇದು ಒಗದದ್ದು. ನಿಂದು ಯಾವುದರಂಗ ಐತಿ, ನೀನ ಹೇಳು.’ ಅವಳು ಬಹಳ ಹೊತ್ತು ನೋಡಿದಳು. ಹಿಂದೆ, ಅಂಗಡಿಯ ಹೊರಗೆ, ಇಬ್ಬರು ಗಿರಾಕಿಗಳು ನಿಂತಿದ್ದರು. ನಾನು ಎರಡೂ ಕೈಗಳನ್ನು ಕಾಕಾನ ಮೇಜಿನ ಮೇಲೆ ಅವಳಿಗೆ ಕಾಣುವ ಹಾಗೆ ಇಟ್ಟುಕೊಂಡು ನಿಂತೆ.

‘ಒಗದದ್ದರಂಗ’ ಎಂದಳು. ಆಮೇಲೆ, ಕನ್ನಡಿಯಿಂದ ಕಣ್ಣು ತೆಗೆಯದೆ, ‘ಅವ್ವ ಒಗದಾಳ್ರಿ. ನನ್ನ ಮ್ಯಾಲ’ ಎಂದಳು.

ಗಿರಾಕಿಗಳು ನನ್ನ ಕಡೆ ತಿರುಗಿದರು. ‘ಹೌದ್ರಿ ಕಾಕಾ, ಆಕಿ ಹೇಳಿದ್ದು ಖರೆ’ ಎಂದೆ. ಕಾಕಾ ತಲೆದೂಗಿ ಸಾಣೆಕಲ್ಲನ್ನು ಮುಂದಕ್ಕೆ ಎಳೆದುಕೊಂಡರು. ‘ಇದನ್ನೂ ಸ್ಟಬ್ ಮಾಡೂನೇನು?’

ನಾನು ಹೂಂ ಎನ್ನುವುದರೊಳಗೆ ಮಗಳು ಕೈ ಚಾಚಿ ನಿಬ್ಬನ್ನು ಎತ್ತಿಕೊಂಡಳು. ‘ಬ್ಯಾಡ್ರಿ ಅಜ್ಜಾ. ಹಿಂಗ ಇರ್ಲಿ.’ ಅವರು ಒಂದು ಚೂರು ಕಾಗದ ಕೊಟ್ಟರು. ಅವಳೇ ಸುತ್ತಿ, ತನ್ನ ಕಂಪಾಸ್ ಪೆಟ್ಟಿಗೆಯಲ್ಲಿಟ್ಟುಕೊಂಡಳು.

ಶಿರಹಟ್ಟಿಯ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕುಳಿತಿದ್ದಳು. ಊರು ದಾಟಿದ ಮೇಲೆ ಪೆಟ್ಟಿಗೆ ತೆರೆದು, ಇದೆಯೋ ಇಲ್ಲವೋ ಎಂದು ನೋಡಿ, ಮುಚ್ಚಿದಳು.

‘ಇನ್ನೊಮ್ಮೆ ಕೈ ಎತ್ತಿದೆಂದ್ರ ಇದನ್ನ ಎಲ್ಲಾರಿಗೂ ತೋರಸ್ತೀನಿ’ ಎಂದಳು. ನನ್ನ ಮುಖ ನೋಡಿಯೇ ಹೇಳಿದಳು. ಕೈ ತಲೆಗೆ ಹೋಗಿರಲಿಲ್ಲ.

‘ತೋರಸು’ ಎಂದೆ, ಮತ್ತು ಕಂಡಕ್ಟರ್ ಬಂದಾಗ ಎರಡು ಟಿಕೆಟ್ ತೆಗೆಸಿದೆ.