ಜೀಪಿಗೆ ಕಟ್ಟಿದ ಬಿಸಿ ಬಟ್ಟೆ

ನಮ್ಮದು ಕಾರ್ಬೊರೇಟರ್ ಇರುವ ಹಳೆಯ ಪೆಟ್ರೋಲ್ ಜೀಪು. ಚಳಿಗಾಲದ ಬೆಳಗ್ಗೆ ಕುದೂರಿನಿಂದ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಒಯ್ಯುವಾಗ ದಾರಿಯುದ್ದಕ್ಕೂ ಜರ್ಕ್ ಹೊಡೆಯುತ್ತಿತ್ತು. ಹೋದ ವರ್ಷ ಒಂದು ದಿನ, ಮಾರುಕಟ್ಟೆ ಎರಡೇ ಬೀದಿ ದೂರವಿರುವಾಗ, ನೂಲು ಬಿಚ್ಚುವ ಮನೆಯೊಂದರ ಮುಂದೆ ನಿಂತೇಹೋಯಿತು.

ಒಳಗೆ ಗೂಡು ಬೇಯಿಸುತ್ತಿದ್ದ, ಅರವತ್ತರ ಆಸುಪಾಸಿನ ಹೆಂಗಸು ಎದ್ದು ಬಂದರು. ನಾನು ತೆರೆದಿಟ್ಟ ಬಾನೆಟ್ಟಿನೊಳಗೆ ಬಗ್ಗಿ, ಕಾರ್ಬೊರೇಟರಿನಿಂದ ಎಂಜಿನ್ನಿಗೆ ಹೋಗುವ ಕೊಳವೆಯನ್ನು ಮುಟ್ಟಿದರು. ಅದರ ಮೇಲೆ ಇಬ್ಬನಿಯಂತೆ ನೀರು ಕಟ್ಟಿತ್ತು.

“ಎಂಜಿನ್ ಬಿಸಿ ಐತೆ, ಈ ಪೈಪ್ ಮಾತ್ರ ತಣ್ಣಗೈತೆ ನೋಡಪ್ಪ. ಪೆಟ್ರೋಲು ಆವಿ ಆಗ್ದೆ ಹನಿಹನಿಯಾಗೇ ಉಳ್ಕತದೆ,” ಎಂದರು.

“ನಿಮಗೆ ಹೆಂಗೆ ಗೊತ್ತಮ್ಮ?”

“ನಮ್ಮೆಜಮಾನ್ರು ಟ್ಯಾಕ್ಸಿ ಓಡಿಸ್ತಿದ್ರು. ರಿಪೇರಿ ಮಾಡುವಾಗ ಪಾನಾ ಎತ್ಕೊಡ್ತಿದ್ದೋಳು ನಾನೇ.”

ಗೂಡು ಬೇಯಿಸುವ ಬಿಸಿನೀರಿನಲ್ಲಿ ಹಳೆಯ ಬಟ್ಟೆ ಅದ್ದಿ, ಹಿಂಡಿ, ಬರಿಗೈಯಲ್ಲೇ ಕೊಳವೆಗೆ ಸುತ್ತಿದರು. ಮೂರು ಸಲ ಬಟ್ಟೆ ಬದಲಿಸಿದ ಮೇಲೆ ಸ್ಟಾರ್ಟ್ ಮಾಡಲು ಹೇಳಿದರು. ಎಂಜಿನ್ ಒಂದೇ ಸಮನೆ ಓಡತೊಡಗಿತು.

“ಸೈಲೆನ್ಸರ್ ಬುಡದ ಬಿಸಿಗಾಳಿ ಏರ್ ಫಿಲ್ಟರ್‌ಗೆ ಬರೋ ಹಂಗೆ ಒಂದು ತಗಡಿನ ಪೈಪ್ ಹಾಕುಸ್ಕೊ. ಬೇಸಿಗೇಲಿ ಬಿಚ್ಬುಡು,” ಎಂದವರೇ ತಮ್ಮ ಕೆಲಸಕ್ಕೆ ಹಿಂತಿರುಗಿದರು.

ಹಾಗೆಯೇ ಮಾಡಿಸಿದೆ. ಆ ಚಳಿಗಾಲವೆಲ್ಲ ಜೀಪು ಒಮ್ಮೆಯೂ ನಿಲ್ಲಲಿಲ್ಲ. ಅದಕ್ಕೂ ಮೊದಲು ನಾನು ಮಾಗಡಿಯಲ್ಲಿ ಮೂರು ಗ್ಯಾರೇಜು ಸುತ್ತಿದ್ದೆ. ಯಾರೂ ಆ ಕೊಳವೆಯನ್ನು ಮುಟ್ಟಿ ನೋಡಿರಲಿಲ್ಲ.